ಸೆಲ್ಕಿ, ತೋಳ, ಕೆಲ್ಸ್ ಪುಸ್ತಕ: ಐರಿಷ್ ಅನಿಮೇಷನ್ ಸಿನಿಮಾಗಳಲ್ಲಿ ಹಳೆಯದೆಷ್ಟು, ಹೊಸದೆಷ್ಟು?

ಪ್ರಶ್ನೆ: ನಾವು ಮೂವರು ಗೆಳತಿಯರು ಐರ್ಲೆಂಡಿನ ಕಾರ್ಟೂನ್ ಸಲೂನ್ ಸ್ಟುಡಿಯೊದ ಮೂರು ಸಿನಿಮಾ ನೋಡಿದೆವು: ‘ದಿ ಸೀಕ್ರೆಟ್ ಆಫ್ ಕೆಲ್ಸ್’, ‘ಸಾಂಗ್ ಆಫ್ ದಿ ಸೀ’, ‘ವುಲ್ಫ್‌ವಾಕರ್ಸ್’. ಆಮೇಲೆ ಶುರುವಾದ ವಾದ ಇನ್ನೂ ಮುಗಿದಿಲ್ಲ. ಒಬ್ಬಳ ಪ್ರಕಾರ ಇದೆಲ್ಲ ಅಪ್ಪಟ ಐರಿಷ್ ಜನಪದ. ಇನ್ನೊಬ್ಬಳು ಹೇಳುವುದೇ ಬೇರೆ. ಗೂಬೆಯಜ್ಜಿ ಮಾಖಾ, ಹಾವಿನ ರೂಪದ ಕ್ರೋಮ್ ಮಾತ್ರ ಹಳೆಯವು, ಮಲಗಿದಾಗ ಜೀವ ತೋಳವಾಗಿ ಹೊರಡುವುದೆಲ್ಲ ಈಗಿನ ಫ್ಯಾಂಟಸಿ ಅಂತ. ಸೆಲ್ಕಿ ಕತೆಯನ್ನು ಕೆಡಿಸಿದ್ದಾರೆ ಎಂಬುದು ನನ್ನ ತಕರಾರು. ಯಾರು ಸರಿ? ಮೂರೂ ಕತೆಗಳು ಒಂದೇ ಲೋಕದಲ್ಲಿ ನಡೆಯುತ್ತವೆಯೇ? ಹತ್ತು ವರ್ಷದ ಮಗಳಿಗೆ ಮೂಲ ಕತೆ ಓದಿಸಬೇಕೆಂದರೆ ಎಲ್ಲಿ ಸಿಗುತ್ತವೆ?

ಉತ್ತರ: ನಿಮ್ಮ ಎರಡನೇ ಗೆಳತಿ ಹೇಳಿದ್ದನ್ನು ಪೂರ್ತಿ ತಿರುಗಿಸಿ ಓದಿದರೆ ಉತ್ತರ ಸಿಕ್ಕಿಬಿಡುತ್ತದೆ. ಗೂಬೆಯಜ್ಜಿ ಮತ್ತು ಹಾವಿನ ಕ್ರೋಮ್ ಹೆಚ್ಚುಕಡಿಮೆ ಸಿನಿಮಾದವರ ಕೈಕೆಲಸ. ಮಲಗಿದ ಮೈಯನ್ನು ಬಿಟ್ಟು ತೋಳ ಎದ್ದು ಹೋಗುವುದಿದೆಯಲ್ಲ, ಅದು ಸುಮಾರು ಸಾವಿರ ವರ್ಷದ ಹಿಂದೆಯೇ ಬರವಣಿಗೆಗೆ ಬಂದ ನಂಬಿಕೆ. ಈ ಮೂರು ಸಿನಿಮಾಗಳಲ್ಲಿ ಇದು ಮತ್ತೆ ಮತ್ತೆ ಆಗುತ್ತದೆ. ಯಾವುದು ಈಗಿನವರ ಕಲ್ಪನೆ ಅನ್ನಿಸುತ್ತದೋ ಅದು ಹಳೆಯ ಹಸ್ತಪ್ರತಿಯಲ್ಲಿ ಸಿಗುತ್ತದೆ. ಯಾವುದು ಪುರಾಣ ಅನ್ನಿಸುತ್ತದೋ ಅದು ಸ್ಟುಡಿಯೊದ ಮೇಜಿನ ಮೇಲೆ ಹುಟ್ಟಿರುತ್ತದೆ. ಮುಂದೆ ಮೂರೂ ಸಿನಿಮಾಗಳ ಕೊನೆಯನ್ನು ಬಿಚ್ಚಿ ಹೇಳಿದ್ದೇನೆ. ನೋಡದವರು ಮೊದಲು ನೋಡಿ ಬನ್ನಿ.

ಸ್ಟುಡಿಯೊ ಬಗ್ಗೆ ಎರಡೇ ಮಾತು. ಟಾಮ್ ಮೂರ್, ನೋರಾ ಟೂಮಿ, ಪಾಲ್ ಯಂಗ್ ಸೇರಿ 1999ರಲ್ಲಿ ಕಿಲ್ಕೆನಿ ಎಂಬ ಊರಿನಲ್ಲಿ ಕಾರ್ಟೂನ್ ಸಲೂನ್ ಶುರುಮಾಡಿದರು. ಮೂರ್ ಬೆಳೆದದ್ದೂ ಅದೇ ಊರಿನಲ್ಲಿ. ಮೂರೂ ಸಿನಿಮಾಗಳ ನಿರ್ದೇಶನದಲ್ಲಿ ಅವರಿದ್ದಾರೆ. 2009ರ ಕೆಲ್ಸ್ ಚಿತ್ರದಲ್ಲಿ ಟೂಮಿ, 2020ರ ತೋಳದ ಚಿತ್ರದಲ್ಲಿ ರಾಸ್ ಸ್ಟೂವರ್ಟ್ ಜೊತೆಯಾಗಿದ್ದರು. 2014ರ ಸೆಲ್ಕಿ ಚಿತ್ರ ಮೂರ್ ಒಬ್ಬರದೇ. ಮೂರೂ ಆಸ್ಕರ್ ನಾಮನಿರ್ದೇಶನ ಪಡೆದವು, ಒಂದೂ ಗೆಲ್ಲಲಿಲ್ಲ.

ತೋಳದಿಂದಲೇ ಶುರುಮಾಡೋಣ. ‘ವುಲ್ಫ್‌ವಾಕರ್ಸ್’ ನಡೆಯುವುದು 1650ರ ಕಿಲ್ಕೆನಿಯಲ್ಲಿ. ಹಿಂದೆ ಈ ಊರು ಓಸರಿ ಎಂಬ ಸಣ್ಣ ರಾಜ್ಯಕ್ಕೆ ಸೇರಿತ್ತು. ಓಸರಿಯ ಕೆಲವು ಮನೆತನದವರು ತೋಳವಾಗುತ್ತಾರೆ ಎಂಬ ಮಾತು ಐರ್ಲೆಂಡಿನಲ್ಲಿ ಬಹಳ ಹಳೆಯದು. ಅಂದರೆ ಸ್ಟುಡಿಯೊದವರು ಕತೆ ಹುಡುಕಿಕೊಂಡು ದೂರ ಹೋಗಲಿಲ್ಲ, ತಮ್ಮ ಊರಿನದನ್ನೇ ಎತ್ತಿಕೊಂಡರು.

ಮಧ್ಯಯುಗದಲ್ಲಿ ಐರ್ಲೆಂಡಿನ ಅದ್ಭುತಗಳನ್ನು ಪಟ್ಟಿ ಮಾಡುವ ಒಂದು ರೂಢಿ ಇತ್ತು. ವಿಚಿತ್ರ ಬಾವಿ, ತೇಲುವ ಕಲ್ಲು, ಇಂಥವನ್ನೆಲ್ಲ ಅದರಲ್ಲಿ ಸೇರಿಸುತ್ತಿದ್ದರು. ಐರಿಷ್ ಭಾಷೆಯ ಅಂಥ ಒಂದು ಪಟ್ಟಿಯಲ್ಲಿ ಓಸರಿಯ ತೋಳದ ವಂಶದವರ ಮಾತು ಬರುತ್ತದೆ. ಅವರು ತೋಳವಾಗಿ ಹೊರಡುವಾಗ ತಮ್ಮ ಮೈಯನ್ನು ಮನೆಯಲ್ಲೇ ಬಿಟ್ಟು ಹೋಗುತ್ತಾರೆ. ಯಾರೂ ಈ ಮೈಯನ್ನು ಕದಲಿಸಬೇಡಿ ಎಂದು ಮನೆಯವರಿಗೆ ತಾಕೀತು ಮಾಡಿ ಹೋಗುತ್ತಾರೆ. ಕದಲಿಸಿದರೆ ವಾಪಸು ಬರಲು ದಾರಿ ಇಲ್ಲ. ತೋಳಕ್ಕೆ ಹೊರಗೆ ಗಾಯವಾದರೆ ಮನೆಯಲ್ಲಿರುವ ಮೈಯ ಮೇಲೂ ಗಾಯ ಕಾಣುತ್ತದೆ, ತೋಳ ತಿಂದ ಹಸಿ ಮಾಂಸ ಆ ಮೈಯ ಹಲ್ಲಿನಲ್ಲೂ ಕಾಣುತ್ತದೆಯಂತೆ.

ಈಗ ಸಿನಿಮಾ ನೆನಪಿಸಿಕೊಳ್ಳಿ. ಮಾಲ್ ಎಂಬ ತಾಯಿಯ ಮೈ ಗುಹೆಯಲ್ಲಿ ಮಲಗಿದೆ, ಅವಳ ತೋಳ ಊರಿನಲ್ಲಿ ಬೋನಿಗೆ ಬಿದ್ದಿದೆ. ಮಗಳು ಮೇವ್ ಆ ಮೈಯನ್ನು ಕಾಯುತ್ತಾ ಕೂತಿದ್ದಾಳೆ. ಇಂಗ್ಲಿಷ್ ಬೇಟೆಗಾರನ ಮಗಳು ರಾಬಿನ್ ನಿದ್ದೆ ಹೋದ ಕೂಡಲೇ ತೋಳ ಎದ್ದು ನಿಲ್ಲುತ್ತದೆ, ಅವಳ ಮೈ ಮಂಚದ ಮೇಲೇ ಇರುತ್ತದೆ. ಫ್ಯಾಂಟಸಿ ಕಾದಂಬರಿಯಿಂದ ಎತ್ತಿದ್ದು ಎಂದು ನಿಮ್ಮ ಗೆಳತಿ ಬೆರಳು ತೋರಿಸಿದ ಜಾಗವೇ ಇಡೀ ಸಿನಿಮಾದ ಅತ್ಯಂತ ಹಳೆಯ ಭಾಗ!

ಇದಕ್ಕಿಂತ ಹೆಚ್ಚು ಹೆಸರಾದ ಇನ್ನೊಂದು ಕತೆ ಇದೆ. ಅದನ್ನು ಬರೆದವನು ಜೆರಾಲ್ಡ್ ಆಫ್ ವೇಲ್ಸ್ ಎಂಬ ಪಾದ್ರಿ, 1180ರ ದಶಕದಲ್ಲಿ. ಒಬ್ಬ ಪಾದ್ರಿ ಅಲ್‌ಸ್ಟರ್‌ನಿಂದ ಮೀಥ್ ಕಡೆಗೆ ಹೊರಟಿದ್ದಾನೆ. ರಾತ್ರಿ ಕಾಡಿನಲ್ಲಿ ಬೆಂಕಿ ಹಾಕಿಕೊಂಡು ಕೂತಾಗ ಒಂದು ತೋಳ ಹತ್ತಿರ ಬಂದು ಮಾತಾಡುತ್ತದೆ. ಹೆದರಬೇಡಿ, ನಾವು ಓಸರಿಯವರು ಎನ್ನುತ್ತದೆ. ನಟಾಲಿಸ್ ಎಂಬ ಸಂತನ ಶಾಪದಿಂದ ಏಳು ವರ್ಷಕ್ಕೊಮ್ಮೆ ಒಂದು ಗಂಡು, ಒಂದು ಹೆಣ್ಣು ಊರು ಬಿಟ್ಟು ತೋಳವಾಗಿ ಬಾಳಬೇಕು. ಬದುಕಿ ಉಳಿದರೆ ಏಳು ವರ್ಷದ ನಂತರ ಮನೆಗೆ ಮರಳಬಹುದು, ಆಗ ಬೇರೆ ಇಬ್ಬರ ಸರದಿ. ನನ್ನ ಜೊತೆಗಾತಿ ಸಾಯುತ್ತಿದ್ದಾಳೆ, ಕೊನೆಯ ಪ್ರಸಾದ ಕೊಡಿ ಎಂದು ಅದು ಬೇಡುತ್ತದೆ. ಪಾದ್ರಿ ಹಿಂದೆಮುಂದೆ ನೋಡುತ್ತಾನೆ. ಆಗ ಗಂಡು ತೋಳ ಪಂಜದಿಂದ ಹೆಣ್ಣು ತೋಳದ ಚರ್ಮವನ್ನು ತಲೆಯಿಂದ ಹೊಕ್ಕುಳವರೆಗೆ ಸುಲಿದು ಮಡಿಚುತ್ತದೆ. ಒಳಗೆ ಒಬ್ಬ ಮುದುಕಿ. ಪ್ರಸಾದ ಕೊಟ್ಟ ಮೇಲೆ ಚರ್ಮವನ್ನು ಮತ್ತೆ ಮೊದಲಿನಂತೆ ಹೊದಿಸುತ್ತದೆ.

ನನಗೆ ಗೊತ್ತಿರುವ ನರತೋಳದ ಕತೆಗಳಲ್ಲಿ ಇದರಷ್ಟು ಮನಸ್ಸು ಕಲಕುವುದು ಇನ್ನೊಂದಿಲ್ಲ. ಕಚ್ಚುವುದಿಲ್ಲ, ಕೊಲ್ಲುವುದಿಲ್ಲ, ಸಾಯುವ ಹೆಂಗಸಿಗೆ ಮರ್ಯಾದೆಯ ಸಾವು ಬೇಡುತ್ತದೆ. ಜೆರಾಲ್ಡ್ ಐರಿಷರನ್ನು ಕಂಡರೆ ಆಗದವನು. ಅವರು ಅನಾಗರಿಕರು ಎಂದು ಪುಟಗಟ್ಟಲೆ ಬರೆದ ಮನುಷ್ಯ. ಅವನ ಕೈಯಲ್ಲೂ ಈ ಕತೆ ತನ್ನ ಮರುಕವನ್ನು ಬಿಟ್ಟುಕೊಟ್ಟಿಲ್ಲ.

ಆದರೆ ಒಂದು ವ್ಯತ್ಯಾಸ ನೋಡಿ. ಜೆರಾಲ್ಡ್ ಹೇಳುವುದರಲ್ಲಿ ತೋಳವಾಗುವುದು ಶಾಪ. 13ನೇ ಶತಮಾನದ ನಾರ್ವೆಯ ಒಂದು ಪುಸ್ತಕದಲ್ಲೂ ಅಷ್ಟೆ. ಸಂತ ಪ್ಯಾಟ್ರಿಕ್ ಧರ್ಮ ಬೋಧಿಸುವಾಗ ಒಂದು ಕುಲದವರು ತೋಳದ ಹಾಗೆ ಊಳಿಟ್ಟು ಗೇಲಿ ಮಾಡಿದರು, ಅದಕ್ಕೆ ಶಿಕ್ಷೆಯಾಗಿ ತೋಳವಾದರು ಎಂದು ಅಲ್ಲಿದೆ. ಐರಿಷ್ ಪಟ್ಟಿಯಲ್ಲಿ ಈ ಶಾಪದ ಸುದ್ದಿಯೇ ಇಲ್ಲ. ಅದು ಆ ವಂಶದವರಿಗೆ ಹುಟ್ಟಿನಿಂದ ಬಂದ ಗುಣ, ಅಷ್ಟೆ. ಸಿನಿಮಾದಲ್ಲಿ ಮೇವ್ ಮತ್ತು ಅವಳ ತಾಯಿ ಗಾಯ ವಾಸಿಮಾಡುತ್ತಾರೆ, ಕಾಡು ಕಾಯುತ್ತಾರೆ. ಶಾಪವನ್ನು ವರ ಮಾಡಿಬಿಟ್ಟರು ಎಂದು ಕೆಲವು ಅಭಿಮಾನಿಗಳು ಮುನಿಸಿಕೊಳ್ಳುತ್ತಾರೆ. ನನ್ನ ಪ್ರಕಾರ ಸಿನಿಮಾದವರು ಸಂತರ ಪದರವನ್ನು ಕಿತ್ತು ಅದರ ಕೆಳಗಿದ್ದುದನ್ನು ಹಿಡಿದರು. ವಾಸಿಮಾಡುವ ಶಕ್ತಿ ಮಾತ್ರ ಅವರದೇ ಸೇರ್ಪಡೆ.

ಇತಿಹಾಸದ ವಿಷಯಕ್ಕೆ ಬಂದರೆ ಅವರು ಸ್ವಲ್ಪ ಜಾಸ್ತಿಯೇ ಸಲಿಗೆ ತೆಗೆದುಕೊಂಡಿದ್ದಾರೆ. ಸಿನಿಮಾದ ‘ಲಾರ್ಡ್ ಪ್ರೊಟೆಕ್ಟರ್’ ಯಾರೆಂದು ಬಿಡಿಸಿ ಹೇಳಬೇಕಿಲ್ಲ, ಇಂಗ್ಲೆಂಡಿನ ಸೇನಾನಾಯಕ ಆಲಿವರ್ ಕ್ರಾಮ್‌ವೆಲ್. ಅವನು 1649ರ ಆಗಸ್ಟ್‌ನಲ್ಲಿ ಐರ್ಲೆಂಡಿಗೆ ಬಂದ. ಕಿಲ್ಕೆನಿ 1650ರ ಮಾರ್ಚ್‌ನಲ್ಲಿ ಶರಣಾಯಿತು. ಮೇ ತಿಂಗಳಲ್ಲಿ ಅವನು ಇಂಗ್ಲೆಂಡಿಗೆ ವಾಪಸಾದ. ಲಾರ್ಡ್ ಪ್ರೊಟೆಕ್ಟರ್ ಎಂಬ ಪದವಿ ಸಿಕ್ಕಿದ್ದು 1653ರ ಡಿಸೆಂಬರ್‌ನಲ್ಲಿ. ಸತ್ತಿದ್ದು 1658ರಲ್ಲಿ, ಲಂಡನ್ನಿನಲ್ಲಿ, ಕಾಯಿಲೆಯಿಂದ. ಕಿಲ್ಕೆನಿಯ ಹತ್ತಿರ ಜಲಪಾತಕ್ಕೆ ಬಿದ್ದು ಅಲ್ಲ.

ತೋಳಬೇಟೆ ಮಾತ್ರ ನಿಜ. 1652ರಲ್ಲಿ ಅವನ ಸರ್ಕಾರ ವುಲ್ಫ್‌ಹೌಂಡ್ ನಾಯಿಗಳನ್ನು ದೇಶದಿಂದ ಹೊರಗೆ ಸಾಗಿಸಬಾರದು ಎಂದು ಆಜ್ಞೆ ಹೊರಡಿಸಿತು, ಬೇಟೆಗೆ ಬೇಕಿತ್ತು. ಮರುವರ್ಷ ಬಹುಮಾನ ಗೊತ್ತುಮಾಡಿತು. ಹೆಣ್ಣು ತೋಳದ ತಲೆಗೆ 6 ಪೌಂಡ್, ಗಂಡಿಗೆ 5 ಪೌಂಡ್. 1657ರಲ್ಲಿ ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಮೇಜರ್ ಮಾರ್ಗನ್ ಎಂಬ ಸದಸ್ಯ ಐರ್ಲೆಂಡಿನಲ್ಲಿ ನಾವು ಮುಗಿಸಬೇಕಾದ ಮೃಗಗಳು ಮೂರು ಎಂದ. ತೋಳ, ಕ್ಯಾಥೊಲಿಕ್ ಪಾದ್ರಿ, ಮತ್ತು ಕಾಡು ಸೇರಿ ಹೋರಾಡುತ್ತಿದ್ದ ಬಂಡುಕೋರ. ಸಿನಿಮಾ ತೋಳವನ್ನೂ ಐರಿಷ್ ಜನರನ್ನೂ ಒಂದೇ ಮಾಡಿ ತೋರಿಸಿದ್ದು ಅತಿಯಾಯಿತು ಎನ್ನುವವರು ಈ ಭಾಷಣವನ್ನು ಓದಬೇಕು. ಹಾಗೆ ಒಂದು ಮಾಡಿದವರು ಆಳುವವರೇ.

ಆಮೇಲೆ ಏನಾಯಿತು? ಕಾಡು ಕಡಿದರು, ತೋಳ ಮುಗಿಯಿತು. ಐರ್ಲೆಂಡಿನ ಕೊನೆಯ ತೋಳ 1786ರಲ್ಲಿ ಮೌಂಟ್ ಲೆನ್‌ಸ್ಟರ್ ಬೆಟ್ಟದ ಸುತ್ತ ಸತ್ತಿತು ಎನ್ನುತ್ತಾರೆ. ಆ ಬೆಟ್ಟ ಕಿಲ್ಕೆನಿಯಿಂದ ಬಹಳ ದೂರವೇನಲ್ಲ. ಹೀಗಾಗಿ ಗಾಡಿ ಹತ್ತಿ ಎಲ್ಲರೂ ನಗುತ್ತಾ ಹೊರಡುವ ಆ ಕೊನೆ ನನಗೆ ಅರ್ಧ ಮಾತ್ರ ಹಿಡಿಸಿತು. ಅಲ್ಲಿಯವರೆಗೆ ಇಷ್ಟು ನಿಷ್ಠುರವಾಗಿದ್ದ ಸಿನಿಮಾ ಕೊನೆಗೆ ಮಕ್ಕಳ ಮುಖ ನೋಡಿ ಮೆತ್ತಗಾಯಿತು.

ಚಿತ್ರ ಬಿಡಿಸಿದ ರೀತಿಯನ್ನು ಇನ್ನೊಮ್ಮೆ ಗಮನಿಸಿ. ಊರು ಪೂರ್ತಿ 17ನೇ ಶತಮಾನದ ಮರದಚ್ಚಿನ ಮುದ್ರಣದ ಹಾಗಿದೆ. ದಪ್ಪ ಗೆರೆ, ಚೌಕ ಮನೆ, ಮಂಕು ಬಣ್ಣ. ಕಾಡಿಗೆ ಹೋದ ಕೂಡಲೇ ಗೆರೆ ಸಡಿಲ. ಪೆನ್ಸಿಲಿನಲ್ಲಿ ಮೊದಲು ಗೀಚಿದ ಗೀಟುಗಳನ್ನೂ ಅಳಿಸದೆ ಹಾಗೇ ಬಿಟ್ಟಿದ್ದಾರೆ.

ಇನ್ನು ನಿಮ್ಮ ತಕರಾರು. ಸೆಲ್ಕಿ ಎಂದರೆ ಸೀಲ್ ಚರ್ಮ ಹೊದ್ದ ಕಡಲ ಹೆಣ್ಣು. ಈ ಕತೆ ಸ್ಕಾಟ್ಲೆಂಡಿನ ಆರ್ಕ್ನಿ, ಶೆಟ್ಲೆಂಡ್ ದ್ವೀಪಗಳಿಂದ ಐರ್ಲೆಂಡಿನ ಪಶ್ಚಿಮ ಕರಾವಳಿಯವರೆಗೆ ಹಬ್ಬಿದೆ. ಕತೆ ಸರಳ. ಅವಳು ದಡಕ್ಕೆ ಬಂದು ಚರ್ಮ ಕಳಚಿಟ್ಟಾಗ ಒಬ್ಬ ಗಂಡಸು ಅದನ್ನು ಕದಿಯುತ್ತಾನೆ. ಸಮುದ್ರಕ್ಕೆ ಮರಳಲಾರದೆ ಅವಳು ಅವನ ಹೆಂಡತಿಯಾಗುತ್ತಾಳೆ. ಮಕ್ಕಳಾಗುತ್ತವೆ. ವರ್ಷಗಳ ನಂತರ ಒಂದು ಮಗು ಅಟ್ಟದಲ್ಲೋ ಹುಲ್ಲಿನ ಮೆದೆಯಲ್ಲೋ ಬಚ್ಚಿಟ್ಟ ಚರ್ಮವನ್ನು ಕಂಡು ಅಮ್ಮನಿಗೆ ಹೇಳುತ್ತದೆ. ಅವಳು ಹೊರಟು ಹೋಗುತ್ತಾಳೆ. ಕೆಲವು ಕಡೆ ದಡದ ಹತ್ತಿರ ಬಂದು ಮಕ್ಕಳನ್ನು ನೋಡಿ ಹೋಗುತ್ತಾಳೆ, ಗಂಡನ ಬಳಿಗೆ ಮಾತ್ರ ಮರಳುವುದಿಲ್ಲ.

ಒಂದು ಸಂಗತಿ ನಿಮಗೆ ಇಷ್ಟವಾಗಬಹುದು. ಐರ್ಲೆಂಡಿನಲ್ಲಿ, ಅದರಲ್ಲೂ ಕೆರ‍್ರಿಯ ಕಡೆ ಹೇಳುವ ಪಾಠಗಳಲ್ಲಿ ಎಷ್ಟೋ ಸಲ ಸೀಲ್ ಚರ್ಮವೇ ಇಲ್ಲ. ಅವಳು ಕಡಲಕನ್ಯೆ, ಕದಿಯುವುದು ಅವಳ ಮಾಯದ ಮೇಲುಹೊದಿಕೆಯನ್ನು. ಸಿನಿಮಾದಲ್ಲಿ ಸೆಲ್ಕಿಯ ಪುಟ್ಟ ಮಗಳು ಸೀರ್ಶಾ ತೊಡುವುದು ಚರ್ಮವಲ್ಲ, ಹೊಳೆಯುವ ಬಿಳಿ ಕೋಟು. ಮಕ್ಕಳ ಚಿತ್ರಕ್ಕಾಗಿ ಚೆಂದ ಮಾಡಿದರು ಅನ್ನಿಸುತ್ತದೆ, ಅಲ್ವಾ? ಆದರೆ ಅದು ಐರಿಷ್ ಪಾಠಕ್ಕೇ ಹತ್ತಿರ.

ಕತೆಯನ್ನು ಕೆಡಿಸಿದರೇ? ಮೇಲ್ನೋಟಕ್ಕೆ ಹೌದು. ತಾಯಿ ಬ್ರೋನಾಳನ್ನು ಯಾರೂ ಕದ್ದು ತಂದಿಲ್ಲ. ಅವಳೂ ದೀಪಸ್ತಂಭದ ಕಾವಲುಗಾರ ಕಾನರ್ ಕೂಡ ಒಬ್ಬರನ್ನೊಬ್ಬರು ಮೆಚ್ಚಿದವರು. ಹೊಟ್ಟೆಯಲ್ಲಿರುವ ಮಗುವನ್ನು ಉಳಿಸಲು ಅವಳು ಸಮುದ್ರಕ್ಕೆ ಹೋಗುತ್ತಾಳೆ. ಹಾಗಾದರೆ ಹಳೆಯ ಕತೆಯ ಮುಖ್ಯ ಪಾಪ, ಅಂದರೆ ಕಳ್ಳತನ, ಮಾಯವಾಯಿತೇ? ಇಲ್ಲ. ಅದು ಒಂದು ತಲೆಮಾರು ಕೆಳಗೆ ಇಳಿಯಿತು. ಸೀರ್ಶಾಳ ಕೋಟನ್ನು ಕಾನರ್ ಪೆಟ್ಟಿಗೆಯಲ್ಲಿ ಬೀಗ ಹಾಕಿ ಸಮುದ್ರಕ್ಕೆ ಎಸೆಯುತ್ತಾನೆ. ಹಳೆಯ ಕತೆಯ ಗಂಡಸು ಆಸೆಯಿಂದ ಬಚ್ಚಿಟ್ಟ, ಇವನು ಮಗಳೂ ಹೋಗಿಬಿಡುತ್ತಾಳೆ ಎಂಬ ಭಯದಿಂದ ಬಚ್ಚಿಟ್ಟ. ಫಲ ಮಾತ್ರ ಒಂದೇ. ಹೊದಿಕೆ ಸಿಗದೆ ಅವಳು ದಿನದಿನಕ್ಕೆ ಸೊರಗುತ್ತಾಳೆ. ಈ ಬದಲಾವಣೆ ನನಗೆ ಬಹಳ ಹಿಡಿಸಿತು. ಹೆಂಡತಿಯನ್ನು ಕದಿಯುವವನು ಕೆಟ್ಟವನು ಎಂದು ಎಲ್ಲರಿಗೂ ಗೊತ್ತು. ಪ್ರೀತಿಯಿಂದಲೇ ಮಗಳ ಉಸಿರು ಕಟ್ಟಿಸುವ ಅಪ್ಪನನ್ನು ತೋರಿಸುವುದು ಕಷ್ಟ.

ನಿಮ್ಮ ತಕರಾರಿನಲ್ಲಿ ನಿಜ ಇರುವುದು ಕೊನೆಯ ಭಾಗದಲ್ಲಿ. ಜನಪದದ ಸೆಲ್ಕಿ ಬಿಟ್ಟು ಹೋದರೆ ಹೋದಳು. ಯಾರೂ ಯಾರಿಗೂ ವಿವರಣೆ ಕೊಡುವುದಿಲ್ಲ. ಸಿನಿಮಾದಲ್ಲಿ ತಾಯಿ ಬರುತ್ತಾಳೆ, ಅಪ್ಪಿಕೊಳ್ಳುತ್ತಾಳೆ, ವಿದಾಯ ಹೇಳುತ್ತಾಳೆ, ಸೀರ್ಶಾ ಮನುಷ್ಯಳಾಗಿ ಉಳಿಯುತ್ತಾಳೆ. ಕಣ್ಣೀರು ಬರುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಹಳೆಯ ಕತೆಯ ಗಟ್ಟಿತನ ಅಲ್ಲಿ ಕರಗಿದೆ.

ಈ ಸಿನಿಮಾ ಹೇಗೆ ಹುಟ್ಟಿತು ಎಂಬುದನ್ನು ಮೂರ್ ಹಲವು ಸಂದರ್ಶನಗಳಲ್ಲಿ ಹೇಳಿದ್ದಾರೆ. ಪಶ್ಚಿಮ ಕರಾವಳಿಗೆ ರಜೆಗೆ ಹೋದಾಗ ದಡದಲ್ಲಿ ಸತ್ತ ಸೀಲ್‌ಗಳು ಬಿದ್ದಿದ್ದವು. ಮೀನು ಕಡಿಮೆಯಾದದ್ದಕ್ಕೆ ಸೀಲ್‌ಗಳೇ ಕಾರಣ ಎಂದು ಮೀನುಗಾರರು ಕೊಂದಿದ್ದರು. ಹಿಂದೆ ಹೀಗಿರಲಿಲ್ಲ ಎಂದು ಊರಿನ ಹೆಂಗಸೊಬ್ಬರು ಹೇಳಿದರಂತೆ. ಸಮುದ್ರದಲ್ಲಿ ಸತ್ತವರ ಜೀವ ಸೀಲ್‌ಗಳಲ್ಲಿ ಇರುತ್ತದೆ ಎಂಬ ನಂಬಿಕೆ ಇದ್ದಾಗ ಯಾರೂ ಅವುಗಳ ಮೇಲೆ ಕೈ ಎತ್ತುತ್ತಿರಲಿಲ್ಲ. ಪಶ್ಚಿಮದ ಕೆಲವು ಮನೆತನಗಳಿಗೆ ಸೀಲ್‌ಗಳ ಜೊತೆ ರಕ್ತಸಂಬಂಧವನ್ನೇ ಹೇಳುತ್ತಾರೆ. ಕನೀಲಿ ಮನೆತನ ಅದರಲ್ಲಿ ಹೆಸರಾದದ್ದು.

ಈಗ ಇದೇ ಸೆಲ್ಕಿ ಚಿತ್ರದ ಗೂಬೆಯಜ್ಜಿ ಮಾಖಾ. ಹೆಸರು ಅಪ್ಪಟ ಹಳೆಯದು, ಕತೆ ಪೂರ್ತಿ ಹೊಸದು. ಪುರಾಣದ ಮಾಖಾ ಅಲ್‌ಸ್ಟರ್‌ನ ದೇವತೆ. ಗಂಡನ ಬಡಾಯಿಯಿಂದಾಗಿ ತುಂಬು ಬಸುರಿಯಲ್ಲಿ ರಾಜನ ಕುದುರೆಗಳ ಜೊತೆ ಓಡಬೇಕಾಗುತ್ತದೆ. ಗೆಲ್ಲುತ್ತಾಳೆ, ಗುರಿಯ ಹತ್ತಿರವೇ ಅವಳಿ ಮಕ್ಕಳನ್ನು ಹೆರುತ್ತಾಳೆ, ಕಷ್ಟಕಾಲದಲ್ಲಿ ನಿಮಗೂ ಹೆರಿಗೆಯ ನೋವು ಬರಲಿ ಎಂದು ಅಲ್‌ಸ್ಟರ್‌ನ ಗಂಡಸರಿಗೆ ಶಾಪ ಹಾಕುತ್ತಾಳೆ. ಅರ್ಮಾ ಪಟ್ಟಣಕ್ಕೂ ಪಕ್ಕದ ಎಮನ್ ಮಾಖಾ ದಿಬ್ಬಕ್ಕೂ ಅವಳದೇ ಹೆಸರು. ಅವಳ ಹಕ್ಕಿ ಕಾಗೆಯ ಜಾತಿಯದು, ಗೂಬೆಯಲ್ಲ. ನೋವನ್ನು ಗಾಜಿನ ಜಾಡಿಗಳಲ್ಲಿ ತುಂಬಿಡುವುದೂ ಇಲ್ಲ, ಅವಳು ಮ್ಯಾಕ್ ಲಿರ್‌ನ ತಾಯಿಯೂ ಅಲ್ಲ. ಪುರಾಣದ ಮನನಾನ್ ಮ್ಯಾಕ್ ಲಿರ್ ಅಲೆಗಳ ಮೇಲೆ ಕುದುರೆ ಓಡಿಸುವ ಕಡಲ ದೊರೆ. ಅತ್ತು ಅತ್ತು ಕಲ್ಲಾದ ದೈತ್ಯ ಸಿನಿಮಾದವನು.

ಹಾಗಾದರೆ ಇವರನ್ನು ಯಾಕೆ ಸೃಷ್ಟಿಸಿದರು? ಧ್ವನಿ ಕೊಟ್ಟವರನ್ನು ನೋಡಿ, ಗೊತ್ತಾಗುತ್ತದೆ. ಅಜ್ಜಿಗೂ ಮಾಖಾಳಿಗೂ ಫಿಯೊನುಲಾ ಫ್ಲಾನಗನ್, ಅಪ್ಪನಿಗೂ ಮ್ಯಾಕ್ ಲಿರ್‌ಗೂ ಬ್ರೆಂಡನ್ ಗ್ಲೀಸನ್. ಮಗನ ಸಂಕಟ ನೋಡಲಾರದೆ ಅವನನ್ನು ಕಲ್ಲು ಮಾಡಿದ ತಾಯಿ ಮಾಖಾ. ಮಕ್ಕಳ ಒಳ್ಳೆಯದಕ್ಕೇ ಎಂದು ಅವರನ್ನು ಕಡಲಿನಿಂದ ಡಬ್ಲಿನ್‌ಗೆ ಎಳೆದುಕೊಂಡು ಹೋದವಳು ಅಜ್ಜಿ. ಮನೆಯ ಜಗಳವನ್ನೇ ದೊಡ್ಡದಾಗಿ ಬರೆದು ಅದಕ್ಕೆ ದೇವರುಗಳ ಹೆಸರಿಟ್ಟಿದ್ದಾರೆ.

ಸಿನಿಮಾದ ಆರಂಭದಲ್ಲಿ ಕೇಳುವ ಪದ್ಯದ ಸಾಲುಗಳು ಡಬ್ಲ್ಯು. ಬಿ. ಯೇಟ್ಸ್ 1886ರಲ್ಲಿ ಪ್ರಕಟಿಸಿದ ‘ದಿ ಸ್ಟೋಲನ್ ಚೈಲ್ಡ್’ ಪದ್ಯದವು. ಸುಮ್ನೆ ಒಂದು ಮಾತು ಇಲ್ಲಿ. ಯೇಟ್ಸ್ ಜೊತೆ ಐರಿಷ್ ಸಾಹಿತ್ಯ ಚಳವಳಿಯಲ್ಲಿದ್ದ ಬೆಲ್‌ಫಾಸ್ಟಿನ ಕವಿ ಜೇಮ್ಸ್ ಕಸಿನ್ಸ್ 1915ರಲ್ಲಿ ಭಾರತಕ್ಕೆ ಬಂದು ಇಲ್ಲೇ ಉಳಿದರು. ಮೈಸೂರಿಗೆ ಬಂದಾಗ, ಇಂಗ್ಲಿಷಿನಲ್ಲಿ ಪದ್ಯ ಬರೆಯುತ್ತಿದ್ದ ಹುಡುಗನೊಬ್ಬ ಅವರಿಗೆ ತನ್ನ ಕವಿತೆ ತೋರಿಸಿದ. ನಿಮ್ಮ ಭಾಷೆಯಲ್ಲಿ ಬರೆಯಿರಿ ಎಂದರು ಕಸಿನ್ಸ್. ಆ ಹುಡುಗ ಕುವೆಂಪು. ಊರಿನ ಮಾತು, ಊರಿನ ಕತೆ ಎಂಬ ಆ ಐರಿಷ್ ಹಟದ ಒಂದು ಎಳೆ ಕಾರ್ಟೂನ್ ಸಲೂನ್‌ಗೆ ಬಂದಿದೆ, ಇನ್ನೊಂದು ಎಳೆ ನಮ್ಮ ಕಡೆಗೂ ಬಂತು.

ಸೆಲ್ಕಿ ಚಿತ್ರದಲ್ಲಿ ಡಬ್ಲಿನ್ನಿನ ರಸ್ತೆಯ ನಡುವಿನ ವೃತ್ತದಲ್ಲಿ ಯಕ್ಷರಂಥ ಸಣ್ಣ ಜನ ಅಡಗಿರುವ ದೃಶ್ಯವನ್ನು ತಮಾಷೆ ಎಂದುಕೊಳ್ಳಬೇಡಿ. ಐರ್ಲೆಂಡಿನಲ್ಲಿ ಹಳೆಯ ಕಾಲದ ಉಂಗುರದಾಕಾರದ ಮಣ್ಣಿನ ದಿಬ್ಬಗಳು 40 ಸಾವಿರಕ್ಕೂ ಹೆಚ್ಚಿವೆ. ಅವು ಆ ಜನರ ಮನೆಗಳು, ಮುಟ್ಟಬಾರದು ಎಂಬ ಅಂಜಿಕೆಯಿಂದಲೇ ಎಷ್ಟೋ ದಿಬ್ಬಗಳು ನೇಗಿಲಿಗೆ ಸಿಗದೆ ಉಳಿದವು. 1999ರಲ್ಲಿ ಕ್ಲೇರ್ ಕೌಂಟಿಯ ಲಾಟೂನ್‌ನಲ್ಲಿ ಹೆದ್ದಾರಿಗೆ ಅಡ್ಡವಾಗಿದ್ದ ಒಂದು ಮುಳ್ಳುಗಿಡವನ್ನು ಕಡಿಯಬಾರದು ಎಂದು ಕತೆಗಾರ ಎಡ್ಡಿ ಲೆನಿಹಾನ್ ದನಿಯೆತ್ತಿದರು. ಆ ಜನರು ಯುದ್ಧಕ್ಕೆ ಹೋಗುವಾಗ ಅಲ್ಲಿ ಸೇರುತ್ತಾರೆ ಎಂಬುದು ಅವರು ಕೇಳಿದ್ದ ಮಾತು. ಗಿಡ ಉಳಿಯುವ ಹಾಗೆ ರಸ್ತೆ ಮಾಡಿದರು.

ಕೆಲ್ಸ್ ಚಿತ್ರದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ, ಯಾಕೆಂದರೆ ಅದರಲ್ಲಿ ಜನಪದಕ್ಕಿಂತ ಇತಿಹಾಸವೇ ಜಾಸ್ತಿ. ಕೆಲ್ಸ್ ಪುಸ್ತಕ ನಿಜವಾದ ಪುಸ್ತಕ. ಸುಮಾರು 800ನೇ ಇಸವಿಯಲ್ಲಿ ಕರುವಿನ ಚರ್ಮದ ಹಾಳೆಗಳ ಮೇಲೆ ಬರೆದ ಬೈಬಲಿನ ನಾಲ್ಕು ಸುವಾರ್ತೆಗಳು, ಈಗ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿದೆ. ಸಿನಿಮಾದ ಸನ್ಯಾಸಿ ಬ್ರದರ್ ಐಡನ್ ಓಡಿಬಂದ ಸ್ಕಾಟ್ಲೆಂಡಿನ ಅಯೋನಾ ದ್ವೀಪದಲ್ಲಿ 806ರಲ್ಲಿ ವೈಕಿಂಗ್‌ಗಳು 68 ಜನರನ್ನು ಕೊಂದರು. ಮಠಾಧಿಪತಿ ಕೆಲ್ಲಖ್ ಎಂಬ ಹೆಸರಿನವನೂ ಇದ್ದ, ಅಯೋನಾದ ಸನ್ಯಾಸಿಗಳಿಗೆ ಕೆಲ್ಸ್‌ನಲ್ಲಿ ನೆಲೆ ಕಟ್ಟಿದವನು ಅವನೇ. ಪಾಂಗುರ್ ಬಾನ್ ಎಂಬ ಬೆಕ್ಕು ಕೂಡ ಹೊಸದಲ್ಲ. 9ನೇ ಶತಮಾನದ ಐರಿಷ್ ಸನ್ಯಾಸಿಯೊಬ್ಬ ತನ್ನ ಓದು ಮತ್ತು ಬೆಕ್ಕಿನ ಇಲಿಬೇಟೆಯನ್ನು ಜೊತೆಗಿಟ್ಟು ಬರೆದ ಪದ್ಯದಲ್ಲಿ ಅದು ಬರುತ್ತದೆ. ಆ ಹಾಳೆ ಇಂದಿಗೂ ಆಸ್ಟ್ರಿಯಾದ ಒಂದು ಮಠದಲ್ಲಿದೆ. ಸಿನಿಮಾದ ಕೊನೆಗೆ ಹೆಸರುಗಳು ಓಡುವಾಗ ಐಡನ್‌ಗೆ ಧ್ವನಿ ಕೊಟ್ಟ ಮಿಕ್ ಲ್ಯಾಲಿ ಅದನ್ನೇ ಐರಿಷ್‌ನಲ್ಲಿ ಓದುತ್ತಾರೆ. ಎದ್ದು ಹೋಗಬೇಡಿ.

ದರೋಡೆಕೋರರು ಪುಸ್ತಕದ ರತ್ನದ ಹೊದಿಕೆ ಕಿತ್ತುಕೊಂಡು ಹಾಳೆಗಳನ್ನು ಹಿಮದಲ್ಲಿ ಬಿಸಾಡುವ ದೃಶ್ಯ ಇದೆಯಲ್ಲ? 1007ರಲ್ಲಿ ಕೆಲ್ಸ್‌ನಿಂದ ಈ ಪುಸ್ತಕ ಕಳುವಾಯಿತು. ಎರಡು ತಿಂಗಳು ಇಪ್ಪತ್ತು ದಿನದ ನಂತರ ಚಿನ್ನದ ಹೊದಿಕೆ ಇಲ್ಲದೆ ಮಣ್ಣಿನ ಹೆಂಟೆಯ ಕೆಳಗೆ ಸಿಕ್ಕಿತು ಎಂದು ಅಲ್‌ಸ್ಟರ್‌ನ ವಾರ್ಷಿಕ ದಾಖಲೆ ಹೇಳುತ್ತದೆ. ಆ ಕಳವನ್ನೇ ಸಿನಿಮಾ ಇನ್ನೂರು ವರ್ಷ ಹಿಂದಕ್ಕೆ ತಂದಂತಿದೆ. ಕೆಲ್ಸ್‌ನ ಎತ್ತರದ ಗೋಪುರಕ್ಕೂ ಹೀಗೇ ಆಗಿದೆ. ಅಂಥ ಗೋಪುರಗಳು ಐರ್ಲೆಂಡಿನಲ್ಲಿ ಎದ್ದದ್ದು ನಂತರದ ಕಾಲದಲ್ಲಿ.

ಕ್ರೋಮ್ ಕ್ರೂಆಖ್ ಮಾತ್ರ ಕೌದಿಯ ಹಾಗೆ ಹಲವು ಹಳೆಯ ತುಂಡುಗಳನ್ನು ಸೇರಿಸಿ ಹೊಲಿದದ್ದು. ಮಧ್ಯಯುಗದ ಪದ್ಯದಲ್ಲಿ ಅವನು ಚಿನ್ನದ ವಿಗ್ರಹ. ಸುತ್ತ ಹನ್ನೆರಡು ಕಲ್ಲಿನ ವಿಗ್ರಹಗಳು, ಜಾಗ ಈಗಿನ ಕ್ಯಾವನ್ ಕೌಂಟಿ. ಹಾಲು ಮತ್ತು ಕಾಳಿಗಾಗಿ ಜನ ಅವನಿಗೆ ಚೊಚ್ಚಲ ಮಕ್ಕಳನ್ನು ಬಲಿ ಕೊಡುತ್ತಿದ್ದರು, ಪ್ಯಾಟ್ರಿಕ್ ಬಂದು ಒಡೆದ ಎಂದಿದೆ. ಇದನ್ನು ಬರೆದವರು ಸನ್ಯಾಸಿಗಳು ಎಂಬುದನ್ನು ಮರೆಯಬೇಡಿ, ಹಳೆಯ ದೇವರನ್ನು ಒಳ್ಳೆಯವನೆಂದು ಅವರೇಕೆ ಬರೆಯುತ್ತಾರೆ? ಹಾವಿನ ಸುದ್ದಿ ಇಲ್ಲಿ ಇಲ್ಲ. ಹಾವು, ಸರೋವರದ ರಾಕ್ಷಸಿ ಇವೆಲ್ಲ ಪ್ಯಾಟ್ರಿಕ್‌ನ ಬೇರೆ ಕತೆಗಳಲ್ಲಿ ಬರುತ್ತವೆ. ಅವನ್ನು ತಂದು ಕ್ರೋಮ್‌ಗೆ ಕೂಡಿಸಿ, ಹಸ್ತಪ್ರತಿಯ ಸುರುಳಿ ಗೆರೆಗಳ ಆಕಾರ ಕೊಟ್ಟರು. ಪುಸ್ತಕ ಬರೆಯಲು ಹೊರಟ ಮಠದ ಹುಡುಗ ಬ್ರೆಂಡನ್ ಆ ಹಾವನ್ನು ಸೀಮೆಸುಣ್ಣದ ಗೆರೆಯಲ್ಲಿ ಸಿಕ್ಕಿಸಿ ಅದು ತನ್ನ ಬಾಲವನ್ನೇ ನುಂಗುವ ಹಾಗೆ ಮಾಡುತ್ತಾನೆ. ಮೂರೂ ಚಿತ್ರಗಳಲ್ಲಿ ನನಗೆ ಅತಿ ಇಷ್ಟವಾದ ದೃಶ್ಯ ಅದು, ಪೂರ್ತಿ ಹೊಸದಾದರೂ.

ಮೂರೂ ಒಂದೇ ಲೋಕವೇ? ಕೆಲ್ಸ್ ಚಿತ್ರದ ಕಾಡಿನ ಹುಡುಗಿ ಆಶ್ಲಿಂಗ್ ಬಿಳಿ ತೋಳವಾಗುತ್ತಾಳೆ, ಹಾಗಾಗಿ ಅವಳೂ ವುಲ್ಫ್‌ವಾಕರ್ ಎಂಬ ಥಿಯರಿ ಅಭಿಮಾನಿಗಳಲ್ಲಿ ಬಹಳ ಓಡಾಡುತ್ತದೆ. ನಾನು ಒಪ್ಪುವುದಿಲ್ಲ. ಓಸರಿಯ ನಿಯಮ ನೆನಪಿದೆಯಲ್ಲ, ಮೈ ಮಲಗಬೇಕು. ಆಶ್ಲಿಂಗ್ ಎಲ್ಲೂ ಮಲಗುವುದಿಲ್ಲ, ಅವಳ ಮೈಯೇ ಬದಲಾಗುತ್ತದೆ. ಅವಳು ದಿಬ್ಬದ ಜನರ ಕಡೆಯವಳು, ಮನುಷ್ಯಳೇ ಅಲ್ಲ. ಮೇವ್ ಮನುಷ್ಯಳು. ಮೂರ್ ಇವನ್ನು ಐರಿಷ್ ಜನಪದದ ತ್ರಿವಳಿ ಎಂದು ಕರೆದಿದ್ದಾರೆ, ನಿಜ. ಅದಕ್ಕೆ ಬೇರೆ ಆಧಾರ ಇದೆ. ಮೂರರಲ್ಲೂ ದೊಡ್ಡವರೊಬ್ಬರು ಭಯದಿಂದ ಗೋಡೆ ಕಟ್ಟುತ್ತಾರೆ ಅಥವಾ ಬೀಗ ಹಾಕುತ್ತಾರೆ, ಮಗುವೊಂದು ದಾಟಿ ಹೋಗುತ್ತದೆ.

ಮತ್ತೆ ನೋಡುವಾಗ ಬಿಡುಗಡೆಯ ವರ್ಷ ಬಿಟ್ಟು ಕತೆಯ ಕಾಲದ ಪ್ರಕಾರ ನೋಡಿ. ಮೊದಲು 9ನೇ ಶತಮಾನದ ಕೆಲ್ಸ್, ಆಮೇಲೆ 1650ರ ಕಿಲ್ಕೆನಿ, ಕೊನೆಗೆ 1987ರ ಕಡಲು. ಕೆಲ್ಸ್‌ನ ಕಾಡಿನಲ್ಲಿ ಆಶ್ಲಿಂಗ್ ಒಬ್ಬಳೇ ಉಳಿದಿದ್ದಾಳೆ. ಕಿಲ್ಕೆನಿಯಲ್ಲಿ ತಾಯಿ ಮಗಳು ಇಬ್ಬರೇ, ಕಾಡನ್ನೂ ಬಿಟ್ಟು ಹೊರಡುತ್ತಾರೆ. 1987ರಲ್ಲಿ ಉಳಿದವರೆಲ್ಲ ಸಮುದ್ರದಾಚೆಗೆ ಹೋಗಿಬಿಡುತ್ತಾರೆ. ಈ ಕ್ರಮದಲ್ಲಿ ನೋಡಿದರೆ ಸೆಲ್ಕಿ ಚಿತ್ರದ ಕೊನೆ ಬೇರೆಯೇ ತೂಕ ಪಡೆಯುತ್ತದೆ. ಥಿಯರಿ ಪ್ರಿಯರಿಗೆ ಇನ್ನೊಂದು ನಿಜವಾದ ಕೊಂಡಿಯೂ ಇದೆ. ಬ್ರೆಂಡನ್‌ನ ಪುಸ್ತಕ ಕೆಲ್ಸ್ ಬಿಟ್ಟು ಡಬ್ಲಿನ್ ಸೇರಿದ್ದು 1653ರ ಸುಮಾರಿಗೆ, ಕ್ರಾಮ್‌ವೆಲ್‌ನ ಸೈನ್ಯ ಕೆಲ್ಸ್‌ನಲ್ಲಿ ಬೀಡುಬಿಟ್ಟಿದ್ದ ಕಾಲದಲ್ಲಿ. ರಾಬಿನ್ ತೋಳವಾಗಿ ಓಡುತ್ತಿದ್ದಾಗ ಅದು ಇನ್ನೂ ಕೆಲ್ಸ್‌ನಲ್ಲೇ ಇತ್ತು.

ಮಗಳ ಓದಿಗೆ ಮೊದಲು ಹೇಳುವುದು ಡೂಖಸ್ ಎಂಬ ಐರಿಷ್ ಜಾಲತಾಣ. ಐರ್ಲೆಂಡಿನಲ್ಲಿ 1935ರಲ್ಲಿ ಜನಪದ ಆಯೋಗ ಶುರುವಾಯಿತು. ವಾಲ್ಟ್ ಡಿಸ್ನಿ 1940ರ ದಶಕದಲ್ಲಿ ಐರಿಷ್ ಸಿನಿಮಾ ಮಾಡಲು ಹೊರಟಾಗ ಸಹಾಯ ಕೇಳಿದ್ದು ಈ ಆಯೋಗವನ್ನೇ. ದೊಡ್ಡ ಪುರಾಣ ಕತೆಗಳನ್ನು ತೆಗೆದುಕೊಳ್ಳಿ ಎಂದು ಅದರ ಮುಖ್ಯಸ್ಥ ಡೆಲಾರ್ಗಿ ಎಷ್ಟು ಹೇಳಿದರೂ 1959ರಲ್ಲಿ ಹೊರಬಂದದ್ದು ಹಸಿರು ಟೋಪಿಯ ಕುಳ್ಳರ ಚಿತ್ರ. ಅದಿರಲಿ. 1937ರಿಂದ 1939ರವರೆಗೆ ಈ ಆಯೋಗ ಸುಮಾರು 5,000 ಪ್ರಾಥಮಿಕ ಶಾಲೆಗಳ ಮಕ್ಕಳಿಗೆ ಒಂದು ಕೆಲಸ ಕೊಟ್ಟಿತು. ಮನೆಯ ಹಿರಿಯರನ್ನು, ನೆರೆಯವರನ್ನು ಕೇಳಿ ಕತೆ ಬರೆದುಕೊಂಡು ಬನ್ನಿ ಅಂತ. ಆ ನೋಟುಪುಸ್ತಕಗಳೆಲ್ಲ ಈಗ ಅಲ್ಲಿ ಉಚಿತವಾಗಿ ಸಿಗುತ್ತವೆ. ಬರೆದವರು 11ರಿಂದ 14 ವರ್ಷದ ಮಕ್ಕಳು, ಹಾಗಾಗಿ ನಿಮ್ಮ ಮಗಳಿಗೆ ಭಾಷೆ ಕಷ್ಟವಾಗುವುದಿಲ್ಲ. ಇಂಗ್ಲಿಷಿನಲ್ಲಿರುವವೂ ಬೇಕಾದಷ್ಟಿವೆ. ಸೀಲ್, ಕಡಲಕನ್ಯೆ, ಯಕ್ಷದಿಬ್ಬ ಎಂಬರ್ಥದ ಇಂಗ್ಲಿಷ್ ಪದಗಳನ್ನು ಹಾಕಿ ಹುಡುಕಿ, ರಾಶಿ ಸಿಗುತ್ತದೆ.

ಮನನಾನ್‌ಗೂ ಹಂಸಗಳಾದ ಲಿರ್‌ನ ಮಕ್ಕಳ ಕತೆಗೂ ಲೇಡಿ ಗ್ರೆಗರಿಯ 1904ರ ‘ಗಾಡ್ಸ್ ಆ್ಯಂಡ್ ಫೈಟಿಂಗ್ ಮೆನ್’ ಓದಿ. ಯೇಟ್ಸ್ 1888ರಲ್ಲಿ ಹೊರತಂದ ಐರಿಷ್ ಜನಪದ ಕತೆಗಳ ಸಂಗ್ರಹವೂ ಚೆನ್ನಾಗಿದೆ. ಎರಡಕ್ಕೂ ಹಕ್ಕುಸ್ವಾಮ್ಯ ಮುಗಿದಿದೆ, ದುಡ್ಡು ಕೊಡಬೇಕಿಲ್ಲ. ಗ್ರೆಗರಿಯ ವಾಕ್ಯಗಳು ಉದ್ದ, ನೀವೇ ಗಟ್ಟಿಯಾಗಿ ಓದಿ ಹೇಳುವುದು ವಾಸಿ. ಜೆರಾಲ್ಡ್‌ನ ಚರ್ಮ ಸುಲಿಯುವ ತೋಳ, ಕ್ರೋಮ್‌ನ ಬಲಿಯ ಪದ್ಯ ಇವು ನಿಮಗಿರಲಿ, ಮಗಳಿಗೆ ಇನ್ನೂ ನಾಲ್ಕೈದು ವರ್ಷ ಬೇಡ.

ಕೆಲ್ಸ್ ಪುಸ್ತಕದ ಎಲ್ಲ ಪುಟಗಳನ್ನೂ ಟ್ರಿನಿಟಿ ಕಾಲೇಜಿನ ಗ್ರಂಥಾಲಯ ಅಂತರ್ಜಾಲದಲ್ಲಿ ಹಾಕಿದೆ. ಸಿನಿಮಾದ ಕೊನೆಗೆ ಜೀವ ತಳೆಯುವ ಪುಟ 34ನೇ ಹಾಳೆಯ ಮುಂಬದಿ. ಅದರ ಕೆಳಭಾಗವನ್ನು ದೊಡ್ಡದು ಮಾಡಿ ನೋಡಲು ಮಗಳಿಗೆ ಹೇಳಿ. ಎರಡು ಬೆಕ್ಕು, ಕೆಲವು ಇಲಿ, ಬಾಯಲ್ಲಿ ಮೀನು ಹಿಡಿದ ಒಂದು ನೀರುನಾಯಿ ಇವೆ. ಎಲ್ಲಿವೆ ಎಂದು ನೀವಾಗಿ ತೋರಿಸಬೇಡಿ, ಅವಳೇ ಹುಡುಕಲಿ.